ಅರ್ಧ ಗಂಟೆಯ ಚಿತ್ರಶಾಲೆ

ಚಿತ್ರಕಲೆಯನ್ನು ಹೊಟ್ಟೆಪಾಡಿನ ವೃತ್ತಿಯಾಗಿ ಮಾಡಿಕೊಳ್ಳದೆ, ಬ್ಯಾಂಕು, ಶಾಲೆ, ಅಂಗಡಿ, ಹೊಲ ಅಥವಾ ಅಡುಗೆಮನೆಯ ಕೆಲಸದ ನಡುವೆ ಸಿಕ್ಕುವ ಬಿಡುವಿನಲ್ಲಿ ಚಿತ್ರ ಬರೆಯುವವರನ್ನು ಹವ್ಯಾಸಿ ಚಿತ್ರಕಾರರೆಂದು ಕರೆಯುವುದು ರೂಢಿ. ಈ ಮಾತನ್ನು ಅರೆಕಲಿತವರು ಎಂಬ ಅರ್ಥದಲ್ಲಿ ಬಳಸುವವರೂ ಇದ್ದಾರೆ, ಆದರೆ ಟಿ.ಪಿ. ಕೈಲಾಸಂ, ಶ್ರೀರಂಗರಂಥವರ ನಾಟಕಗಳನ್ನು ರಂಗಕ್ಕೆ ತಂದು ಕನ್ನಡ ನಾಟಕದ ದಿಕ್ಕನ್ನೇ ಬದಲಿಸಿದ್ದು ಹವ್ಯಾಸಿ ರಂಗಭೂಮಿ ಎಂಬುದನ್ನು ನೆನೆದರೆ, ಹವ್ಯಾಸಿ ಎಂಬ ಪದಕ್ಕೆ ಕನ್ನಡದಲ್ಲಿ ಇರುವ ಗೌರವ ತಾನಾಗಿ ತಿಳಿಯುತ್ತದೆ. ರಂಗಭೂಮಿಯ ಹವ್ಯಾಸಿಗಳ ಬಗ್ಗೆ ಪುಸ್ತಕಗಳೇ ಬಂದಿವೆ. ಮನೆಯ ಮೂಲೆಯಲ್ಲಿ ಒಂದು ಲೋಟ ನೀರು, ನಾಲ್ಕು ಬಣ್ಣ, ಒಂದು ಪುಸ್ತಕ ಇಟ್ಟುಕೊಂಡು ವರ್ಷಗಟ್ಟಲೆ ಚಿತ್ರ ಬರೆಯುವವರ ದಿನನಿತ್ಯದ ಸಾಧನೆ ಹೇಗೆ ನಡೆಯುತ್ತದೆ, ಅದಕ್ಕೆ ಏನೇನು ಸಾಮಗ್ರಿ ಬೇಕು, ಬರೆಯುವ ಹುಮ್ಮಸ್ಸು ಎಲ್ಲಿಂದ ಬರುತ್ತದೆ ಎಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಬಿಡುವಿನ ವೇಳೆಯಲ್ಲಿ ಚಿತ್ರ ಬರೆಯುವುದು ಈಚಿನ ನಗರಜೀವನದ ಶೋಕಿ ಎಂಬ ಭಾವನೆ ತಪ್ಪು. ವಾತ್ಸ್ಯಾಯನನ ಕಾಮಸೂತ್ರವು ನಾಗರಕನ, ಎಂದರೆ ಪಟ್ಟಣದ ಸುಸಂಸ್ಕೃತ ಗೃಹಸ್ಥನ, ಕೋಣೆಯಲ್ಲಿ ಇರಬೇಕಾದ ವಸ್ತುಗಳನ್ನು ಹೆಸರಿಸುವಾಗ ವೀಣೆ, ಪುಸ್ತಕಗಳ ಜೊತೆಗೆ ಚಿತ್ರಫಲಕವನ್ನೂ ವರ್ತಿಕಾಸಮುದ್ಗಕವನ್ನೂ ಸೇರಿಸುತ್ತದೆ; ಮೊದಲನೆಯದು ಚಿತ್ರ ಬರೆಯುವ ಹಲಗೆ, ಎರಡನೆಯದು ಬರೆಯುವ ಕಡ್ಡಿಗಳನ್ನು ಇಡುವ ಡಬ್ಬಿ. ಆ ಗೃಹಸ್ಥ ಚಿತ್ರ ಮಾರಿ ಬದುಕುವವನಲ್ಲ, ಚಿತ್ರ ಅವನ ದಿನಚರಿಯ ಒಂದು ಭಾಗ. ಕನ್ನಡನಾಡಿಗೆ ಇನ್ನೂ ಹತ್ತಿರದ ಉದಾಹರಣೆ 12ನೆಯ ಶತಮಾನದ ಮಾನಸೋಲ್ಲಾಸ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಈ ಸಂಸ್ಕೃತ ಗ್ರಂಥವು ರಾಜ್ಯಾಡಳಿತ, ಅಡುಗೆ, ಆಟಪಾಟಗಳ ಜೊತೆಗೆ ಚಿತ್ರಕಲೆಯನ್ನೂ ವಿವರಿಸುತ್ತದೆ. ಎಮ್ಮೆಯ ಚರ್ಮವನ್ನು ಬೆಣ್ಣೆಯಂತೆ ಮೆತ್ತಗಾಗುವವರೆಗೆ ನೀರಿನಲ್ಲಿ ಬೇಯಿಸಿ ವಜ್ರಲೇಪವೆಂಬ ಅಂಟು ತಯಾರಿಸುವುದು, ಕಾಡಿಗೆಯನ್ನು ಅನ್ನದ ಅಗುಳಿನೊಂದಿಗೆ ಅರೆದು ಬತ್ತಿಯಂತೆ ಹೊಸೆದು ರೇಖೆ ಬರೆಯುವ ಕಡ್ಡಿ ಮಾಡಿಕೊಳ್ಳುವುದು, ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಕಡ್ಡಿಗೆ ಅಂಟಿಸಿ ದಪ್ಪ, ಮಧ್ಯಮ, ಸಣ್ಣ ಕುಂಚಗಳನ್ನು ಕಟ್ಟುವುದು ಇವೆಲ್ಲ ಅದರಲ್ಲಿ ಬಂದಿವೆ. ಮಸಿಯನ್ನೂ ಅನ್ನವನ್ನೂ ಬೆರೆಸಿ ಪೆನ್ಸಿಲು ಮಾಡಿಕೊಳ್ಳುವ ಆ ವಿಧಾನವನ್ನು ಗಮನಿಸಿದರೆ, ಚಿತ್ರದ ಸಲಕರಣೆಯನ್ನು ಮನೆಯ ವಸ್ತುಗಳಿಂದಲೇ ಹೊಂದಿಸಿಕೊಳ್ಳುವ ಬುದ್ಧಿ ಈ ನೆಲಕ್ಕೆ ಎಷ್ಟು ಹಳೆಯದು ಎಂಬುದು ಕಾಣುತ್ತದೆ.

ಹವ್ಯಾಸಿಯ ಸಾಧನೆಯನ್ನು ರೂಪಿಸುವ ಮೊದಲ ಸಂಗತಿ ಪ್ರತಿಭೆಯಲ್ಲ, ಸಮಯ. ವೃತ್ತಿಪರ ಕಲಾವಿದನಿಗೆ ಇಡೀ ದಿನವಿದ್ದರೆ, ಕೆಲಸಕ್ಕೆ ಹೋಗುವವರಿಗೆ ಬೆಳಗಿನ ಕಾಫಿಗೂ ಸ್ನಾನಕ್ಕೂ ನಡುವೆ, ಇಲ್ಲವೆ ರಾತ್ರಿ ಮಕ್ಕಳು ಮಲಗಿದ ಮೇಲೆ, ಸಿಕ್ಕುವುದು ಹೆಚ್ಚೆಂದರೆ ಅರ್ಧ ಗಂಟೆ. ಈ ಅರ್ಧ ಗಂಟೆಯೇ ಮಾಧ್ಯಮವನ್ನೂ ನಿರ್ಧರಿಸುತ್ತದೆ. ತೈಲವರ್ಣದಲ್ಲಿ ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದಿರುವುದರಿಂದ, ಆ ಎಣ್ಣೆ ಗಾಳಿಯಲ್ಲಿನ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗಲು ದಿನಗಳೇ ಬೇಕಾಗುತ್ತವೆ. ಟರ್ಪೆಂಟೈನಿನ ವಾಸನೆ, ಕುಂಚ ತೊಳೆಯುವ ತಾಪತ್ರಯ, ಹಸಿ ಕ್ಯಾನ್ವಾಸನ್ನು ಮಕ್ಕಳ ಕೈಗೆ ಸಿಗದಂತೆ ಇಡುವ ಜಾಗ ಇವೆಲ್ಲ ಎರಡು ಕೋಣೆಯ ಮನೆಯಲ್ಲಿ ಕಷ್ಟ. ಜಲವರ್ಣವಾದರೆ ನಿಮಿಷಗಳಲ್ಲಿ ಒಣಗುತ್ತದೆ, ಕುಂಚವನ್ನು ನಲ್ಲಿಯ ಕೆಳಗೆ ಹಿಡಿದರೆ ಸಾಕು, ಇಡೀ ಸರಂಜಾಮು ಊಟದ ಡಬ್ಬಿಯಷ್ಟು ಜಾಗದಲ್ಲಿ ಅಡಗುತ್ತದೆ. ಚಿತ್ರ ಬರೆಯುವ ಗೃಹಸ್ಥರಲ್ಲಿ ಬಹುಮಂದಿ ಕೊನೆಗೆ ಪುಸ್ತಕ, ಪೆನ್ಸಿಲು, ಜಲವರ್ಣ ಈ ಮೂರಕ್ಕೆ ಬಂದು ನಿಲ್ಲುವುದಕ್ಕೆ ಕಾರಣ ಇದು.

ಈ ಮೂರರಲ್ಲಿ ಪುಸ್ತಕವೇ ಜೀವಾಳ. ಬಿಡಿ ಹಾಳೆಯಲ್ಲಿ ಬರೆಯುವವರಿಗೆ ಪ್ರತಿ ಚಿತ್ರವೂ ಒಂದು ಪರೀಕ್ಷೆಯಂತೆ ತೋರುತ್ತದೆ, ಕೆಟ್ಟದ್ದನ್ನು ಹರಿದೆಸೆಯುವ ಮನಸ್ಸಾಗುತ್ತದೆ; ಹೊಲಿದ ಪುಸ್ತಕದಲ್ಲಾದರೆ ನಿನ್ನೆಯ ತಪ್ಪಿನ ಎದುರು ಪುಟದಲ್ಲೇ ಇವತ್ತಿನ ಚಿತ್ರ ಕೂರುತ್ತದೆ, ಆರು ತಿಂಗಳ ಹಿಂದೆ ಕೈ ಹೇಗಿತ್ತು, ಈಗ ಹೇಗಿದೆ ಎಂಬುದು ಯಾರೂ ಹೇಳದೆ ಗೊತ್ತಾಗುತ್ತದೆ. ಅಂಗೈಗಿಂತ ಸ್ವಲ್ಪ ದೊಡ್ಡದಾದ, ಚೀಲದಲ್ಲಿ ಹಿಡಿಸುವ ಪುಸ್ತಕವೇ ಒಳ್ಳೆಯದು, ಏಕೆಂದರೆ ಚಿಕ್ಕ ಪುಟವನ್ನು ಅರ್ಧ ಗಂಟೆಯಲ್ಲಿ ತುಂಬಿಸಬಹುದು, ದೊಡ್ಡ ಹಾಳೆ ಅರ್ಧಕ್ಕೇ ನಿಂತು ಮರುದಿನ ಮುಂದುವರಿಸುವ ಉತ್ಸಾಹವನ್ನು ತಿಂದುಹಾಕುತ್ತದೆ. ಪೆನ್ಸಿಲಿನ ಒಳಗಿರುವುದನ್ನು ಸೀಸದಕಡ್ಡಿ ಎಂದು ಕರೆಯುವ ವಾಡಿಕೆ ಇದ್ದರೂ ಅದರಲ್ಲಿ ಸೀಸವಿಲ್ಲ. ಅದು ಇಂಗಾಲದ ಒಂದು ರೂಪವಾದ ಗ್ರಾಫೈಟನ್ನು ಜೇಡಿಮಣ್ಣಿನೊಂದಿಗೆ ಬೆರೆಸಿ ಸುಟ್ಟು ಮಾಡಿದ ಕಡ್ಡಿ. 1795ರಲ್ಲಿ ಫ್ರಾನ್ಸಿನ ನಿಕೊಲಾ ಜಾಕ್ ಕಾಂಟೆ ರೂಢಿಗೆ ತಂದ ಈ ಕ್ರಮದಲ್ಲಿ ಜೇಡಿಮಣ್ಣು ಹೆಚ್ಚಾದಷ್ಟೂ ಕಡ್ಡಿ ಗಟ್ಟಿಯಾಗಿ ರೇಖೆ ತೆಳುವಾಗುತ್ತದೆ, ಅದು ಎಚ್ ಗುರುತಿನದು. ಗ್ರಾಫೈಟು ಹೆಚ್ಚಾದಷ್ಟೂ ಮೆದುವಾಗಿ ಕಪ್ಪಾಗುತ್ತದೆ, ಅದು ಬಿ ಗುರುತಿನದು. ದಿನಬಳಕೆಗೆ ಒಂದು 2ಬಿ ಸಾಕಾಗುತ್ತದೆ. ಅಳಿಸಲಾಗದ ಬಾಲ್‌ಪೆನ್ನಿನಲ್ಲಿ ನೇರವಾಗಿ ಬರೆಯುವವರೂ ಇದ್ದಾರೆ, ಅಳಿಸುವ ದಾರಿ ಇಲ್ಲವೆಂದ ಮೇಲೆ ಕಣ್ಣು ರೇಖೆಗಿಂತ ಮುಂಚೆ ಹೋಗಲು ಕಲಿಯುತ್ತದೆ ಎಂಬುದು ಅವರ ಅನುಭವ. ಮದುವೆಯ ಕರೆಯೋಲೆಗಳ ಹಿಂಬದಿ, ಹಳೆಯ ಕ್ಯಾಲೆಂಡರಿನ ಬೆನ್ನು ಇವೂ ಅಭ್ಯಾಸಕ್ಕೆ ಚೆನ್ನಾಗಿಯೇ ಒದಗುತ್ತವೆ.

ಅಭ್ಯಾಸವೆಂದರೆ ಏನನ್ನು ಅಭ್ಯಾಸ ಮಾಡುವುದು ಎಂಬುದನ್ನು ಅಡುಗೆಮನೆಯ ಒಂದು ಸ್ಟೀಲ್ ಲೋಟದಿಂದ ವಿವರಿಸಬಹುದು. ಮೇಜಿನ ಮೇಲಿರುವ ಲೋಟವನ್ನು ಎದುರಿಗೆ ಕುರ್ಚಿಯಲ್ಲಿ ಕುಳಿತು ನೋಡಿದಾಗ ಅದರ ಬಾಯಿ ವೃತ್ತವಾಗಿ ಕಾಣದೆ ಚಪ್ಪಟೆಯಾದ ಅಂಡಾಕಾರವಾಗಿ ಕಾಣುತ್ತದೆ. ಹೊಸದಾಗಿ ಬರೆಯುವವರು, ಬಾಯಿ ದುಂಡಗಿದೆ ಎಂದು ತಿಳಿದಿರುವುದರಿಂದ ಅದನ್ನು ಕಾಣುವುದಕ್ಕಿಂತ ದುಂಡಾಗಿ ಬರೆಯುತ್ತಾರೆ, ತಳ ಮೇಜಿನ ಮೇಲೆ ಸಮನಾಗಿ ಕೂತಿದೆ ಎಂದು ತಿಳಿದಿರುವುದರಿಂದ ಅದನ್ನು ಸರಳರೇಖೆಯಾಗಿ ಎಳೆಯುತ್ತಾರೆ. ನಿಜವಾಗಿ ನಡೆಯುವುದು ಇದಕ್ಕೆ ವಿರುದ್ಧ: ಕಣ್ಣಿನ ಮಟ್ಟಕ್ಕಿಂತ ಕೆಳಗೆ ಹೋದಷ್ಟೂ ವೃತ್ತ ಹೆಚ್ಚು ತೆರೆದುಕೊಳ್ಳುವುದರಿಂದ, ತಳದ ಬಾಗು ಬಾಯಿಯ ಬಾಗಿಗಿಂತ ಹೆಚ್ಚು ದುಂಡಾಗಿರುತ್ತದೆ. ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿದರೆ ಬಾಯಿ ಒಂದು ಗೆರೆಯಾಗಿಬಿಡುತ್ತದೆ, ನಿಂತು ಮೇಲಿನಿಂದ ನೋಡಿದರೆ ವೃತ್ತವಾಗುತ್ತದೆ. ಇನ್ನು ಅದರ ಹೊಳಪು: ಉಕ್ಕಿಗೆ ತನ್ನದೇ ಬಣ್ಣ ಅಷ್ಟಾಗಿ ಇಲ್ಲ, ಅದು ಕಿಟಕಿಯನ್ನೂ ಗೋಡೆಯನ್ನೂ ಬರೆಯುವವರ ಅಂಗಿಯನ್ನೂ ಉದ್ದುದ್ದದ ಪಟ್ಟಿಗಳಾಗಿ ತೋರಿಸುತ್ತದೆ, ಅತಿ ಕಪ್ಪಾದ ಪಟ್ಟಿಯ ಪಕ್ಕದಲ್ಲೇ ಅತಿ ಬೆಳ್ಳಗಿನ ಪಟ್ಟಿ ಇರುತ್ತದೆ. ಲೋಟಕ್ಕೆ ಬೂದುಬಣ್ಣ ಬಳಿದರೆ ಅದು ಸಿಮೆಂಟಿನ ಲೋಟವಾಗುತ್ತದೆ. ಕಂಡ ಪಟ್ಟಿಗಳನ್ನು ಕಂಡಲ್ಲಿಯೇ ಇಟ್ಟರೆ ಉಕ್ಕಾಗುತ್ತದೆ. ತಿಳಿದದ್ದನ್ನು ಬರೆಯುವುದು ಬಿಟ್ಟು ಕಂಡದ್ದನ್ನು ಬರೆಯುವ ಈ ತಿರುವು ನಡೆಯುವುದು ಕೈಯಲ್ಲಲ್ಲ, ಕಣ್ಣಿನಲ್ಲಿ. ಒಂದೇ ಲೋಟವನ್ನು ಹತ್ತು ದಿನ ಬೇರೆ ಬೇರೆ ಕಡೆಯಿಂದ ಬರೆದವರಿಗೆ ಅದು ಸಿದ್ಧಿಸುತ್ತದೆ, ಹತ್ತು ಪುಸ್ತಕ ಓದಿದವರಿಗೆ ಸಿದ್ಧಿಸಬೇಕೆಂದಿಲ್ಲ. ಕನ್ನಡದಲ್ಲಿ ಚಿತ್ರವನ್ನು 'ಬಿಡಿಸುವುದು' ಎನ್ನುವ ಮಾತಿದೆ. ಕಂಡದ್ದರ ಗೋಜಲನ್ನು ಒಂದೊಂದಾಗಿ ಬಿಡಿಸುವುದೇ ಚಿತ್ರ ಎಂದು ಅದಕ್ಕೆ ಅರ್ಥ ಹೇಳಿದರೆ ತಪ್ಪಾಗಲಾರದು.

ಜಲವರ್ಣದ ರಚನೆ ಸರಳವಾದದ್ದು. ನುಣ್ಣಗೆ ಅರೆದ ಬಣ್ಣದ ಪುಡಿ, ಅದನ್ನು ಕಾಗದಕ್ಕೆ ಹಿಡಿಸುವ ಜಾಲಿಜಾತಿಯ ಮರದ ಗೋಂದು, ಒಣಗಿ ಬಿರುಕು ಬಿಡದಂತೆ ಸ್ವಲ್ಪ ಗ್ಲಿಸರಿನ್ ಅಥವಾ ಜೇನು, ಇಷ್ಟೇ ಅದರ ಮೂಲದ್ರವ್ಯ. ಆ ಪುಡಿಗಳ ಪೂರ್ವೋತ್ತರವನ್ನು ವಿಚಾರಿಸಿದರೆ ಅವು ದೂರದ ವಸ್ತುಗಳಲ್ಲ ಎಂಬುದು ತಿಳಿಯುತ್ತದೆ. ಅಲ್ಟ್ರಾಮರೀನ್ ಎಂಬ ಗಾಢ ನೀಲಿಯನ್ನು ಹಿಂದೆ ಅಫ್ಘಾನಿಸ್ತಾನದ ಬದಖಶಾನ್ ಗಣಿಗಳ ರಾಜಾವರ್ತ ಶಿಲೆಯಿಂದ ತೆಗೆಯುತ್ತಿದ್ದುದರಿಂದ ಅದಕ್ಕೆ ಚಿನ್ನದಷ್ಟು ಬೆಲೆಯಿತ್ತು. 1828ರಲ್ಲಿ ಫ್ರಾನ್ಸಿನ ಗಿಮೆ ಎಂಬ ರಸಾಯನಜ್ಞ ಅದನ್ನು ಕೃತಕವಾಗಿ ತಯಾರಿಸುವ ವಿಧಾನಕ್ಕೆ ಬಹುಮಾನ ಪಡೆದ ಮೇಲೆ ಬೆಲೆ ಕುಸಿದು, ಕಡೆಗೆ ಅದೇ ಪುಡಿ ಬಿಳಿ ಪಂಚೆಗೆ ಹಾಕುವ ನೀಲಿಯಾಗಿ ಮನೆಮನೆಯ ಬಚ್ಚಲಿಗೂ ಬಂದಿತು. ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಕಬ್ಬಿಣದ ಆಕ್ಸೈಡು ತುಂಬಿದ ಮಣ್ಣನ್ನು ಸುಟ್ಟು ಮಾಡಿದ್ದು. ಮನೆಯ ಗೋಡೆಗೆ ಬಳಿಯುವ ಕಾವಿಯ ಕುಲದ್ದೇ ಅದು, ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಪ್ರಾಚೀನ ಜನರು ಬರೆದ ಚಿತ್ರಗಳಲ್ಲಿ ಇಂದಿಗೂ ನಿಂತಿರುವ ಕೆಂಪೂ ಅದೇ ಕುಲದ್ದು. ದೀಪದ ಮಸಿಯ ಕಪ್ಪು ಕಾಡಿಗೆಯಲ್ಲದೆ ಬೇರೇನಲ್ಲ. ಈ ನೀಲಿ ಮತ್ತು ಕಾವಿ ಎರಡನ್ನೇ ಬೆರೆಸಿದರೆ ಮಳೆಮೋಡದ ಬೂದಿಯಿಂದ ಹಿಡಿದು ಹಂಚಿನ ಮಾಡಿನ ನೆರಳಿನವರೆಗೆ ಹತ್ತಾರು ಛಾಯೆಗಳು ಸಿಗುತ್ತವೆ, ಜೊತೆಗೆ ಒಂದು ಹಳದಿಯೂ ಒಂದು ಗುಲಾಬಿ ಛಾಯೆಯ ಕೆಂಪೂ ಇದ್ದರೆ ಕರ್ನಾಟಕದ ಯಾವ ಊರಿನ ಬೀದಿಯನ್ನಾದರೂ ಬರೆಯಬಹುದು. ಇಪ್ಪತ್ತನಾಲ್ಕು ಬಣ್ಣಗಳ ಪೆಟ್ಟಿಗೆ ಕೊಂಡವರು ಬೆರೆಸುವುದನ್ನು ಕಲಿಯುವುದೇ ಇಲ್ಲ ಎಂಬುದು ಕಲಾಶಿಕ್ಷಕರು ಬಹುಕಾಲದಿಂದ ಹೇಳುತ್ತ ಬಂದ ಮಾತು, ಅದರಲ್ಲಿ ಸತ್ಯಾಂಶ ಬಹಳವಿದೆ.

ಎಲ್ಲ ಬಣ್ಣಗಳೂ ಬೆಳಕನ್ನು ಸಮನಾಗಿ ತಾಳಿಕೊಳ್ಳುವುದಿಲ್ಲ. ಬಟ್ಟೆಗೆ ಹತ್ತಿದ ಅರಿಸಿನದ ಕಲೆಯನ್ನು ಬಿಸಿಲಿಗೆ ಹರವಿದರೆ ಮಾಸಿಹೋಗುವುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಅದೇ ಬಟ್ಟೆಗೆ ಹತ್ತಿದ ಕೆಮ್ಮಣ್ಣಿನ ಕಲೆ ಬಿಸಿಲಿಗೆ ಜಗ್ಗುವುದಿಲ್ಲ. ಚಿತ್ರದ ಬಣ್ಣಗಳಲ್ಲಿಯೂ ಅರಿಸಿನದ ಗುಣದವು, ಕೆಮ್ಮಣ್ಣಿನ ಗುಣದವು ಎಂದು ಎರಡು ಬಗೆಯಿದ್ದು, ಬೆಳಕಿಗೆ ಮಾಸದಿರುವ ಗುಣಕ್ಕೆ ವರ್ಣಸ್ಥಿರತೆ ಎನ್ನಬಹುದು. ಒಳ್ಳೆಯ ತಯಾರಕರು ಟ್ಯೂಬಿನ ಮೇಲೆ ಇದನ್ನು ನಕ್ಷತ್ರದ ಗುರುತಿನಿಂದಲೋ ರೋಮನ್ ಅಂಕಿಯಿಂದಲೋ ಸೂಚಿಸಿ, ಪುಡಿಯ ಅಂತರರಾಷ್ಟ್ರೀಯ ಸಂಕೇತವನ್ನೂ ಮುದ್ರಿಸುತ್ತಾರೆ. ಪಿಬಿ 29 ಎಂದಿದ್ದರೆ ಅಲ್ಟ್ರಾಮರೀನ್, ಪಿಆರ್ 83 ಎಂದಿದ್ದರೆ ಬಿಸಿಲಿಗೆ ಮಾಸುವ ಅಲಿಜರಿನ್ ಕೆಂಪು. ಹೆಸರು ಯಾವುದೇ ಇರಲಿ, ಸಂಕೇತವನ್ನು ಓದಿ ಕೊಳ್ಳುವುದು ಜಾಣತನ. ವಿದ್ಯಾರ್ಥಿ ದರ್ಜೆಯ ಬಣ್ಣಗಳಲ್ಲಿ ಪುಡಿ ಕಡಿಮೆ, ಭರ್ತಿದ್ರವ್ಯ ಹೆಚ್ಚು. ಅಭ್ಯಾಸದ ಪುಸ್ತಕಕ್ಕೆ ಅವು ಧಾರಾಳವಾಗಿ ಸಾಕು, ಚೌಕಟ್ಟು ಹಾಕಿಸಿ ಮಗಳ ಮನೆಗೆ ಕೊಡುವ ಚಿತ್ರಕ್ಕೆ ಮಾತ್ರ ಕಲಾವಿದ ದರ್ಜೆಯ ನಾಲ್ಕು ಟ್ಯೂಬುಗಳನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಒಳಿತು.

ಹಣ ಕಡಿಮೆಯಿದ್ದಾಗ ಬಣ್ಣದಲ್ಲಿ ಉಳಿಸಬಹುದು, ಕುಂಚದಲ್ಲಿ ಉಳಿಸಬಹುದು, ಕಾಗದದಲ್ಲಿ ಉಳಿಸಲಾಗದು. ಕಾಗದದ ತೂಕವನ್ನು ಜಿಎಸ್‌ಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ, ಎಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬುದು. ಶಾಲೆಯ ಡ್ರಾಯಿಂಗ್ ಹಾಳೆ ನೀರು ತಾಗಿದೊಡನೆ ಅಲೆಅಲೆಯಾಗಿ ಎದ್ದು, ಬಣ್ಣ ತಗ್ಗುಗಳಲ್ಲಿ ಕೆರೆಗಟ್ಟಿ ನಿಲ್ಲುತ್ತದೆ. 300 ಜಿಎಸ್‌ಎಂ ತೂಕದ, ಹತ್ತಿಯ ನಾರಿನಿಂದ ಮಾಡಿದ ಹಾಳೆ ಅದೇ ನೀರನ್ನು ನಿಧಾನವಾಗಿ ಕುಡಿದು ಮಟ್ಟಸವಾಗಿ ಉಳಿಯುತ್ತದೆ. ಇಂಥ ಹಾಳೆಗೆ ಜೆಲಟಿನ್ ಮುಂತಾದ ಅಂಟಿನ ತೆಳು ಲೇಪವಿರುತ್ತದೆ, ಬಣ್ಣ ಹಾಳೆಯ ಆಳಕ್ಕೆ ಇಳಿದು ಮಂಕಾಗದಂತೆ ಮೇಲ್ಮೈಯಲ್ಲೇ ಹಿಡಿದಿಡುವುದು ಆ ಲೇಪವೇ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ತೊಡಕು ಬರುವುದೂ ಇಲ್ಲಿಂದಲೇ. ತಿಂಗಳುಗಟ್ಟಲೆ ತೇವ ಹಿಡಿದ ಗಾಳಿಯಲ್ಲಿ ಲೇಪ ಕೆಟ್ಟು, ಅಲ್ಲಲ್ಲಿ ಬೂಷ್ಟು ಹಿಡಿದು, ಬಣ್ಣ ಹಚ್ಚಿದಾಗ ಅಲ್ಲಿ ಮಾತ್ರ ಬ್ಲಾಟಿಂಗ್ ಕಾಗದದ ಹಾಗೆ ಹೀರಿಕೊಂಡು ಚುಕ್ಕೆಗಳೇಳುತ್ತವೆ. ಆದ್ದರಿಂದ ಅಲ್ಲಿನವರು ಹಾಳೆಯನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಬಿಗಿಯಾಗಿ ಸುತ್ತಿ, ಒಳಗೆ ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣ ಇಟ್ಟು ಕಾಪಾಡಬೇಕಾಗುತ್ತದೆ. ಉಡುಪಿಯ ಆಷಾಢದಲ್ಲಿ ಹಚ್ಚಿದ ಬಣ್ಣ ಮುಕ್ಕಾಲು ಗಂಟೆಯಾದರೂ ಒಣಗದೆ ಕಾಯಿಸಿದರೆ, ಕಲಬುರಗಿ, ರಾಯಚೂರುಗಳ ವೈಶಾಖದಲ್ಲಿ ಆಕಾಶದ ಬಣ್ಣ ಹಾಳೆಯ ಎಡತುದಿಯಿಂದ ಬಲತುದಿ ಮುಟ್ಟುವಷ್ಟರಲ್ಲಿ ಎಡಗಡೆ ಒಣಗಿ ಗೆರೆ ಕಟ್ಟುತ್ತದೆ. ಹಾಳೆಯ ಬೆನ್ನನ್ನೂ ಮುಂಚಿತವಾಗಿ ಒದ್ದೆ ಮಾಡಿಕೊಳ್ಳುವುದು, ಬಣ್ಣಕ್ಕೆ ಒಂದು ಹನಿ ಗ್ಲಿಸರಿನ್ ಸೇರಿಸುವುದು, ಸೂರ್ಯೋದಯದ ತಂಪಿನಲ್ಲಿ ಕೆಲಸ ಮುಗಿಸುವುದು ಬಯಲುಸೀಮೆಗೆ ಹೊಂದುವ ಕ್ರಮಗಳು. ತಂಪು ದೇಶಗಳಲ್ಲಿ ಬರೆದ ಮಾರ್ಗದರ್ಶಿ ಪುಸ್ತಕಗಳು ಈ ಮಾತನ್ನು ಹೇಳುವುದಿಲ್ಲ, ಇದನ್ನು ತಮ್ಮ ತಮ್ಮ ಊರಿನ ಹವೆಯಿಂದಲೇ ಕಲಿಯಬೇಕು.

ಕುಂಚದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬಣ್ಣದ ನೀರನ್ನು ಹೊಟ್ಟೆ ತುಂಬ ಹಿಡಿದು, ಒದ್ದೆಯಾದಾಗ ತಾನಾಗಿ ಚೂಪಾಗುವುದು ಒಳ್ಳೆಯ ಕುಂಚದ ಲಕ್ಷಣ, ಈ ಗುಣಕ್ಕಾಗಿಯೇ ಪ್ರಾಣಿಗಳ ಕೂದಲಿಗೆ ಬೇಡಿಕೆ ಬಂದದ್ದು. ಭಾರತದಲ್ಲಿ ಬಹುಕಾಲ ಮುಂಗುಸಿಯ ಕೂದಲಿನ ಕುಂಚಗಳು ಮಾರಾಟವಾಗುತ್ತಿದ್ದವು, ಅದಕ್ಕಾಗಿ ಮುಂಗುಸಿಗಳನ್ನು ಹಿಡಿದು ಕೊಲ್ಲುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಂಗುಸಿ ಈಗ ರಕ್ಷಿತ ಪ್ರಾಣಿ, ಅದರ ಕೂದಲಿನ ಕುಂಚ ಮಾರುವುದು ಅಪರಾಧ, ಆದರೂ ಅಂಥವು ಗುಟ್ಟಾಗಿ ಮಾರಾಟವಾಗುತ್ತಿದ್ದು ಅರಣ್ಯ ಮತ್ತು ವನ್ಯಜೀವಿ ಅಧಿಕಾರಿಗಳು ದಾಳಿಗಳಲ್ಲಿ ವಶಪಡಿಸಿಕೊಂಡ ಸುದ್ದಿಗಳು ಬರುತ್ತಲೇ ಇರುತ್ತವೆ. ಬುಡದಲ್ಲೂ ತುದಿಯಲ್ಲೂ ಗಾಢವಾಗಿದ್ದು ನಡುವೆ ನಸುಬಣ್ಣದ ಪಟ್ಟೆಯಿರುವ ಒರಟು ಕೂದಲು ಕಂಡರೆ ಅಂಥದ್ದನ್ನು ಕೊಳ್ಳದಿರುವುದು ಕಲಾಪ್ರೇಮಿಯ ಮೊದಲ ಕರ್ತವ್ಯ. ಕೃತಕ ನಾರಿನ 8ನೆಯ ನಂಬರಿನ ದುಂಡು ಕುಂಚವೊಂದು, ಅಂಗುಲದ ಚಪ್ಪಟೆ ಕುಂಚವೊಂದು ಇದ್ದರೆ ಹವ್ಯಾಸಿಯ ಕೆಲಸ ಯಾವ ಕೊರತೆಯೂ ಇಲ್ಲದೆ ನಡೆಯುತ್ತದೆ.

ಸಾಮಗ್ರಿ ಒಟ್ಟುಗೂಡಿದ ಮೇಲೆ ಕೆಲಸದ ಕ್ರಮವನ್ನು ತಿಳಿಯಲು ನಂದಿಬಟ್ಟಲ ಹೂವು ತಕ್ಕ ವಸ್ತು. ಜಲವರ್ಣದ ಶುದ್ಧ ಪದ್ಧತಿಯಲ್ಲಿ ಬಿಳಿ ಬಣ್ಣವನ್ನು ಬಳಸುವುದಿಲ್ಲ, ಕಾಗದದ ಬಿಳುಪೇ ಚಿತ್ರದ ಬಿಳುಪು. ಆದ್ದರಿಂದ ಬಿಳಿ ಹೂವನ್ನು ಬರೆಯುವುದೆಂದರೆ ಹೂವನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆಯುವುದು. ಗಾಳಿಗೆ ತಿರುಗುವ ಗಿರಗಿಟ್ಲೆಯ ಹಾಗೆ ಒಂದೇ ಕಡೆಗೆ ತಿರುಚಿದ ಐದು ಎಸಳುಗಳನ್ನು ಪೆನ್ಸಿಲಿನಿಂದ ತೀರ ನಸುವಾಗಿ ಗುರುತಿಸಿಕೊಂಡು, ಎಸಳಿನ ಅಂಚಿನವರೆಗೆ ಎಲೆಹಸಿರನ್ನು ತಂದು ಅಲ್ಲಿ ಕುಂಚದ ಚೂಪನ್ನು ನಿಲ್ಲಿಸಿ, ಬೆನ್ನಿನಿಂದ ಹೊರಗಡೆಗೆ ಬಣ್ಣವನ್ನು ಎಳೆದುಬಿಡಬೇಕು. ಹಸಿರು ಇನ್ನೂ ಒದ್ದೆಯಿರುವಾಗ ಅದಕ್ಕೆ ಒಂದು ತೊಟ್ಟು ನೀಲಿ ಮುಟ್ಟಿಸಿದರೆ ಎಲೆಗಳ ಒಳಗಿನ ಕತ್ತಲು ತಾನಾಗಿ ಹರಡಿಕೊಳ್ಳುತ್ತದೆ, ಇದಕ್ಕೆ ಒದ್ದೆಯ ಮೇಲೆ ಒದ್ದೆ ಹಚ್ಚುವುದು ಎನ್ನುತ್ತಾರೆ. ಈ ಹಂತದಲ್ಲಿ ಸಹನೆ ತಪ್ಪಿ, ಅರೆ ಒಣಗಿದ ಹಸಿರಿನ ಮೇಲೆ ನೀರು ಹೆಚ್ಚಿರುವ ಕುಂಚವನ್ನು ಇಟ್ಟರೆ, ಹೊಸ ನೀರು ಹಳೆಯ ಪುಡಿಯನ್ನು ಹೊರಕ್ಕೆ ತಳ್ಳಿಕೊಂಡು ಹೋಗಿ ಗರಿಗರಿಯಾದ ಅಂಚಿನ ಕಲೆಯೊಂದನ್ನು ಕಟ್ಟುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ. ಪೂರ್ತಿ ಒದ್ದೆಯಿರುವಾಗ ಅಥವಾ ಪೂರ್ತಿ ಒಣಗಿದಾಗ ಮಾತ್ರ ಮುಟ್ಟಬೇಕು. ನಡುವಿನ ನಿಮಿಷಗಳಲ್ಲಿ ಕೈಕಟ್ಟಿ ಕೂರಬೇಕು. ಕೊನೆಯಲ್ಲಿ ನೀಲಿಯನ್ನೂ ಕಾವಿಯನ್ನೂ ಬೆರೆಸಿ ಬಹಳಷ್ಟು ನೀರಿನಲ್ಲಿ ಕರಗಿಸಿದ ಬೂದಿಯನ್ನು ಎಸಳುಗಳು ಒಂದರ ಕೆಳಗೊಂದು ಸೇರುವ ಕಡೆ ಒಂದೆರಡು ಸಲ ತಾಗಿಸಿದರೆ, ಅಷ್ಟುಹೊತ್ತು ಖಾಲಿ ಕಾಗದವಾಗಿದ್ದ ಜಾಗ ಹೂವಾಗಿ ಮೇಲೇಳುತ್ತದೆ. ಜಲವರ್ಣವನ್ನು ಪ್ರೀತಿಸುವವರು ಬಹುಪಾಲು ಈ ಒಂದು ಕ್ಷಣಕ್ಕಾಗಿಯೇ ಅದನ್ನು ಪ್ರೀತಿಸುತ್ತಾರೆ.

ಸ್ಫೂರ್ತಿಯೆಂಬುದನ್ನು ಹೊರಗಿನಿಂದ ಬಂದು ಎಬ್ಬಿಸುವ ಶಕ್ತಿಯೆಂದು ಭಾವಿಸಿ ಕಾಯುವವರ ಪುಸ್ತಕ ಖಾಲಿಯಾಗಿಯೇ ಉಳಿಯುತ್ತದೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಆರ್.ಕೆ. ಲಕ್ಷ್ಮಣ್ ಅವರನ್ನು ಬಾಲ್ಯದಿಂದ ಸೆಳೆದದ್ದು ಕಾಗೆ, ದಿನವೂ ಎಲ್ಲರ ಮನೆಯ ಗೋಡೆಯ ಮೇಲೆ ಕೂರುವ ಕಾಗೆ, ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರವೇಶ ನಿರಾಕರಿಸಿದರೂ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ, ದೇಶದ ಅತಿ ಪ್ರಸಿದ್ಧ ವ್ಯಂಗ್ಯಚಿತ್ರಕಾರರಾದ ಮೇಲೂ ಕಾಗೆಯನ್ನು ಬಿಡಲಿಲ್ಲ. ರವೀಂದ್ರನಾಥ ಠಾಕೂರರು ಚಿತ್ರಕ್ಕೆ ನಿಜವಾಗಿ ತೊಡಗಿದ್ದು ಅರವತ್ತು ದಾಟಿದ ಮೇಲೆ; ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಕೂಡಿಸುತ್ತ ಪಕ್ಷಿಯೋ ಮುಖವೋ ಆಗಿಸುತ್ತಿದ್ದ ಅಭ್ಯಾಸವೇ ಬೆಳೆದು, 1930ರಲ್ಲಿ ಪ್ಯಾರಿಸಿನಲ್ಲಿ ಅವರ ಚಿತ್ರಪ್ರದರ್ಶನ ನಡೆದು, ಬಾಳಿನ ಕೊನೆಯ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳಾಗಿದ್ದವು. ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಹುಟ್ಟಿದ ರುಮಾಲೆ ಚೆನ್ನಬಸವಯ್ಯನವರ ಬಾಳು ಹವ್ಯಾಸಿಗಳಿಗೆ ಇನ್ನೂ ಹತ್ತಿರದ್ದು. ತಾರುಣ್ಯದಲ್ಲಿ ಚಿತ್ರಕಲೆ ಕಲಿಯುತ್ತಿದ್ದ ಅವರು ಸ್ವಾತಂತ್ರ್ಯ ಹೋರಾಟಕ್ಕಾಗಿ ಕುಂಚವನ್ನು ಬದಿಗಿಟ್ಟು, ಆಮೇಲೆ ಪತ್ರಿಕೆ, ರಾಜಕಾರಣಗಳಲ್ಲಿ ದಶಕಗಳನ್ನು ಕಳೆದು, 1960ರ ದಶಕದಲ್ಲಿ ಮತ್ತೆ ಕುಂಚ ಹಿಡಿದು ಬೆಂಗಳೂರಿನ ರಸ್ತೆ, ಉದ್ಯಾನ, ಹೂಬಿಟ್ಟ ಮರಗಳ ಎದುರಿಗೇ ಹಲಗೆ ಇಟ್ಟುಕೊಂಡು ಬರೆದರು. ಅಷ್ಟು ವರ್ಷ ಬಿಟ್ಟ ಕೈ ಮರಳಿ ಬಂದದ್ದು ಊರಿನ ಮರಗಳನ್ನು ನೋಡುತ್ತ ನೋಡುತ್ತಲೇ. ನಿವೃತ್ತಿಯ ನಂತರ ಚಿತ್ರ ಕಲಿಯಲು ಹಿಂಜರಿಯುವವರು ಠಾಕೂರರನ್ನೂ ರುಮಾಲೆಯವರನ್ನೂ ನೆನೆಯಬೇಕು.

ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಚಿತ್ರಕ್ಕೆ ಬರುವುದು ರಂಗೋಲಿಯ ದಾರಿಯಿಂದ. ಹೆಬ್ಬೆರಳು, ತೋರುಬೆರಳುಗಳ ನಡುವಿನಿಂದ ಪುಡಿಯನ್ನು ಒಂದೇ ದಪ್ಪದ ಎಳೆಯಾಗಿ ಬಿಡುತ್ತ, ಹದಿನೈದು ಚುಕ್ಕಿಗಳ ಸಾಲನ್ನು ಅಳತೆಗೋಲಿಲ್ಲದೆ ಸಮನಾಗಿ ಇಡುವ ಕೈಗೆ ರೇಖೆಯ ಹದ ಆಗಲೇ ಒಲಿದಿರುತ್ತದೆ. ಚೌಕುಳಿ ನೋಟ್‌ಪುಸ್ತಕದಲ್ಲಿ ಚುಕ್ಕಿಯಿಟ್ಟು ಹೊಸ ರಂಗೋಲಿಗಳನ್ನು ಬರೆದಿಟ್ಟುಕೊಳ್ಳುವ ಪದ್ಧತಿ ಮನೆಮನೆಯಲ್ಲಿತ್ತು, ಆ ಪುಸ್ತಕಗಳು ಯಾವ ಚಿತ್ರಕಾರನ ಪುಸ್ತಕಕ್ಕೂ ಕಡಿಮೆಯಲ್ಲ. ಬೆಳಗ್ಗೆ ಇಟ್ಟದ್ದು ಸಂಜೆಯೊಳಗೆ ಅಳಿಸಿಹೋಗುತ್ತದೆಂದು ತಿಳಿದೂ ಮರುದಿನ ಮತ್ತೆ ಇಡುವ ಆ ಶಿಸ್ತನ್ನು, ಚಿತ್ರದ ಭವಿಷ್ಯಕ್ಕೆ ಅಂಟಿಕೊಂಡು ಕೈ ನಡುಗಿಸಿಕೊಳ್ಳುವ ಹೊಸ ಚಿತ್ರಕಾರರು ಕಲಿಯಬೇಕಾಗಿದೆ.

ಒಬ್ಬರೇ ಕುಳಿತು ಬರೆಯುವುದಕ್ಕೂ ನಾಲ್ವರೊಡನೆ ಬರೆಯುವುದಕ್ಕೂ ವ್ಯತ್ಯಾಸವಿದೆ. ಅಮೆರಿಕದ ಸಿಯಾಟಲ್ ನಗರದ ಪತ್ರಿಕಾಚಿತ್ರಕಾರ ಗೇಬ್ರಿಯಲ್ ಕಂಪನಾರಿಯೊ 2007ರಲ್ಲಿ ಆರಂಭಿಸಿದ ಅರ್ಬನ್ ಸ್ಕೆಚರ್ಸ್ ಎಂಬ ಚಳವಳಿ, ಫೋಟೋ ನೋಡದೆ ಸ್ಥಳದಲ್ಲೇ ಕುಳಿತು ಬರೆಯಬೇಕೆಂಬ ನಿಯಮದೊಂದಿಗೆ ಅನೇಕ ದೇಶಗಳಿಗೆ ಹರಡಿತು. ಬೆಂಗಳೂರಿನಲ್ಲಿಯೂ ವಾರಾಂತ್ಯಗಳಲ್ಲಿ ಪೇಟೆಬೀದಿ, ಕೆರೆಯಂಗಳ, ಹಳೆಯ ಕಟ್ಟಡಗಳೆದುರು ಪುಸ್ತಕ ಹಿಡಿದು ಕೂರುವ ಗುಂಪುಗಳನ್ನು ಕಾಣಬಹುದು. ಒಂದೇ ಗೋಪುರವನ್ನು ಎಂಟು ಜನ ಎಂಟು ಬಗೆಯಲ್ಲಿ ಕಂಡದ್ದನ್ನು ಕೊನೆಗೆ ಪುಸ್ತಕಗಳನ್ನು ಸಾಲಾಗಿ ಹರಡಿ ನೋಡಿದಾಗ ಸಿಗುವ ಪಾಠ ತರಗತಿಯಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ. 1960ರಲ್ಲಿ ಸ್ಥಾಪನೆಯಾದ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುತ್ತ ಬಂದಿರುವ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯ ಉದ್ದಕ್ಕೂ ಚಿತ್ರಗಳು ಹರಡಿಕೊಂಡು, ಹೆಸರಾಂತರ ಕೃತಿಗಳ ಪಕ್ಕದಲ್ಲೇ ಹೆಸರಿಲ್ಲದವರ ಕೃತಿಗಳನ್ನು ಜನ ನಿಂತು ನೋಡುತ್ತಾರೆ. ಮಾರಾಟವಾಗಲಿ ಆಗದಿರಲಿ, ಅಪರಿಚಿತರೊಬ್ಬರು ತಮ್ಮ ಚಿತ್ರದ ಮುಂದೆ ನಿಮಿಷಹೊತ್ತು ನಿಂತದ್ದನ್ನು ಕಾಣುವುದು ಹವ್ಯಾಸಿಗೆ ದೊಡ್ಡ ಸಂಬಳವೇ ಸರಿ. ಫೋನಿನ ಫೋಟೋ ನೋಡಿ ಬರೆಯುವುದರಲ್ಲಿ ಪಾಪವೇನೂ ಇಲ್ಲ, ಆದರೆ ಕ್ಯಾಮೆರಾ ನೆರಳುಗಳನ್ನು ಒಂದೇ ಕಪ್ಪಾಗಿ ಮುಚ್ಚುವುದರಿಂದ ನೆರಳಿನೊಳಗಿನ ಬಣ್ಣ ತಿಳಿಯಬೇಕಾದರೆ ಬೇವಿನ ಮರದ ಕೆಳಗೆ ಹೋಗಿ ಕೂರಲೇಬೇಕು.

ರುಮಾಲೆಯವರ ಚಿತ್ರಗಳು ಇಂದು ಬೆಂಗಳೂರು ಹಿಂದೆ ಹೇಗಿತ್ತು ಎಂಬುದಕ್ಕೂ ಸಾಕ್ಷಿಯಾಗಿವೆ. ಅದೇ ರೀತಿ, ತಮ್ಮ ಬೀದಿಯ ಅರಳಿಕಟ್ಟೆ, ಹಂಚಿನ ಮನೆ, ಶೆಟ್ಟರ ಅಂಗಡಿಯ ಮರದ ಹಲಗೆಬಾಗಿಲುಗಳನ್ನು ಬರೆದಿಟ್ಟ ಹವ್ಯಾಸಿಗಳ ಪುಸ್ತಕಗಳು ಎಷ್ಟೋ ಮನೆಗಳ ಅಟ್ಟದ ಮೇಲೆ ಇವೆ; ಬರೆದವರು ತೀರಿಕೊಂಡ ಮೇಲೆ ಅವು ರದ್ದಿಯ ಜೊತೆಗೆ ತೂಕಕ್ಕೆ ಹೋಗುವುದೂ ಉಂಟು. ಅಂಥ ಪುಸ್ತಕ ಕೈಗೆ ಸಿಕ್ಕವರು ಅದನ್ನು ರದ್ದಿಗೆ ಹಾಕುವ ಮುನ್ನ ಊರಿನ ಗ್ರಂಥಾಲಯಕ್ಕೋ ಶಾಲೆಗೋ ಒಮ್ಮೆ ತೋರಿಸಬೇಕು. ಬರೆಯುವವರು ಪ್ರತಿ ಹಾಳೆಯ ಹಿಂಬದಿಯಲ್ಲಿ ತಾರೀಖು, ಊರು, ಬೀದಿ, ಮರವಾದರೆ ಮರದ ಹೆಸರು ಇಷ್ಟನ್ನೂ ಬರೆದಿಡಬೇಕು, ಅದನ್ನು ಪೆನ್ಸಿಲಿನಲ್ಲೇ ಬರೆಯಬೇಕು. ಪೆನ್ನಿನ ಶಾಯಿ ತೇವಕ್ಕೆ ಹರಡಿ ಚಿತ್ರದ ಕಡೆಗೆ ಇಳಿಯಬಹುದು, ಗ್ರಾಫೈಟು ನೀರಿಗೂ ಬೆಳಕಿಗೂ ಅಳಿಯುವುದಿಲ್ಲ.